ತುಮಕೂರಿನಿಂದ ಪೀಣ್ಯಕ್ಕೆ ದಿನಾ ಕಾರು: ಇನ್ಶೂರೆನ್ಸ್ ಏರಿದ್ದೇಕೆ, ಥರ್ಡ್ ಪಾರ್ಟಿ ಮಾತ್ರ ಸಾಕೇ?

ಪ್ರಶ್ನೆ: ಸರ್, ನಾನು ತುಮಕೂರಿನ ಕ್ಯಾತ್ಸಂದ್ರದವನು. ಪೀಣ್ಯದ ಮೆಷಿನ್ ಶಾಪ್ ಒಂದರಲ್ಲಿ ಕೆಲಸ. ಕೆಎ-06 ನೋಂದಣಿಯ 1,197 ಸಿಸಿ ಪೆಟ್ರೋಲ್ ಕಾರು ಇದೆ, ಐದು ವರ್ಷ ಹಳೆಯದು. ವಾರಕ್ಕೆ ಆರು ದಿನ ಅದರಲ್ಲೇ ಹೋಗಿ ಬರುತ್ತೇನೆ. ಮೊದಲ ನಾಲ್ಕು ವರ್ಷ ಒಂದೂ ಕ್ಲೇಮ್ ಮಾಡಿರಲಿಲ್ಲ. ಹೋದ ವರ್ಷ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಟೆಂಪೊ ಒಂದು ಹಿಂದಿನ ಬಂಪರ್‌ಗೆ ಗುದ್ದಿತು, 5,200 ರೂಪಾಯಿ ಬಿಲ್ ಆಯಿತು. ಮೂರು ತಿಂಗಳ ಮೇಲೆ ಜಾಲಹಳ್ಳಿ ಕ್ರಾಸ್ ಹತ್ತಿರ ಬೈಕಿನವನೊಬ್ಬ ಬಾಗಿಲಿಗೆ ಉಜ್ಜಿಕೊಂಡು ಹೋದ, 8,600 ಆಯಿತು. ಎರಡಕ್ಕೂ ಕ್ಲೇಮ್ ಮಾಡಿದೆ. ಹೋದ ಸಲ 10,816 ರೂಪಾಯಿ ಕಟ್ಟಿದ್ದೆ, ಈ ಸಲ 17,719 ಕೇಳುತ್ತಿದ್ದಾರೆ. ‘ನೀವು ಹೈ ರಿಸ್ಕ್ ಲಿಸ್ಟಿಗೆ ಹೋಗಿದ್ದೀರಿ, ಟ್ರಾಫಿಕ್ ಫೈನ್ ಬೇರೆ ನಾಲ್ಕಿವೆ, ಸುಮ್ಮನೆ ಥರ್ಡ್ ಪಾರ್ಟಿ ಮಾಡಿಸಿಬಿಡಿ’ ಎನ್ನುತ್ತಾರೆ ಏಜೆಂಟರು. ಬೇರೆ ಕಂಪನಿಯ ಆ್ಯಪ್‌ನಲ್ಲಿ ‘ಕ್ಲೇಮ್ ಇಲ್ಲ’ ಅಂತ ಒತ್ತಿದರೆ ಹಳೇ ರೇಟೇ ಬರುತ್ತೆ ಅಂತ ಗೆಳೆಯನೊಬ್ಬ ಹೇಳಿದ. ಗಾಡಿ ದಿನಾ ಬೆಂಗಳೂರಲ್ಲಿ ಓಡುತ್ತೆ ಅಂತ ಗೊತ್ತಾದರೆ ಬೆಂಗಳೂರು ರೇಟ್ ಹಾಕುತ್ತಾರಂತೆ, ಹೌದೇ? ಜೊತೆ ಕೆಲಸ ಮಾಡುವ ಮೂವರು ನನ್ನ ಕಾರಲ್ಲೇ ಬರುತ್ತಾರೆ, ಪೆಟ್ರೋಲಿಗೆ ಅಂತ ತಿಂಗಳಿಗೆ ಎರಡೆರಡು ಸಾವಿರ ಕೊಡುತ್ತಾರೆ. ಇದರಿಂದ ತೊಂದರೆ ಏನಾದರೂ ಇದೆಯೇ? ಪಾಲಿಸಿ ಇದೇ 28ಕ್ಕೆ ಮುಗಿಯುತ್ತದೆ.

ಉತ್ತರ: ನೀವು ಕಳಿಸಿದ ಹಳೆಯ ಪಾಲಿಸಿ ಮತ್ತು ಹೊಸ ಕೋಟ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ನಿಮ್ಮ ಚಿಂತೆ ಏಳು ಸಾವಿರ ರೂಪಾಯಿಯದು, ಅದು ಸಣ್ಣದಲ್ಲ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಪತ್ರದ ಕೊನೆಯಲ್ಲಿ ನೀವು ಹಾಗೇ ಹೇಳಿ ಬಿಟ್ಟ ಮಾತು, ಕಾರಿನಲ್ಲಿ ಬರುವ ಆ ಮೂವರ ವಿಷಯ. ಅಲ್ಲಿಗೆ ಬರುತ್ತೇನೆ. ಮೊದಲು ದುಡ್ಡಿನ ಲೆಕ್ಕ ಮುಗಿಸೋಣ.

‘ಹೈ ರಿಸ್ಕ್ ಲಿಸ್ಟ್’ ಎನ್ನುವಂಥದ್ದು ನಮ್ಮಲ್ಲಿ ಇಲ್ಲ. ಹೊರದೇಶದ ವಿಡಿಯೊಗಳಲ್ಲಿ ಚಾಲಕನ ವಯಸ್ಸು, ಅವನ ಮೇಲಿನ ಟ್ರಾಫಿಕ್ ಕೇಸು ನೋಡಿ ಪ್ರೀಮಿಯಂ ಹೇಳುವುದನ್ನು ನೀವು ನೋಡಿರಬಹುದು. ನಮ್ಮ ಪದ್ಧತಿ ಬೇರೆ. ಇಲ್ಲಿ ಕಂಪನಿ ಮುಖ್ಯವಾಗಿ ನೋಡುವುದು ಗಾಡಿಯನ್ನು: ಯಾವ ಮಾಡೆಲ್, ಎಷ್ಟು ಸಿಸಿ, ಎಷ್ಟು ಹಳೆಯದು, ಎಲ್ಲಿ ನೋಂದಣಿ, ಈಗ ಅದರ ಬೆಲೆ ಎಷ್ಟು. ಅದರ ಜೊತೆಗೆ ಕ್ಲೇಮ್ ಚರಿತ್ರೆ. ಸಿಗ್ನಲ್ ಜಂಪ್, ಸೀಟ್ ಬೆಲ್ಟ್ ಫೈನುಗಳಿಗೂ ಪ್ರೀಮಿಯಂಗೂ ಗಂಟು ಹಾಕಬೇಕು ಎಂದು ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ನೇಮಿಸಿದ್ದ ಕಾರ್ಯತಂಡವೊಂದು 2021ರಲ್ಲಿ ಸಲಹೆ ಕೊಟ್ಟಿದ್ದು ನಿಜ. ನಿಮ್ಮ ಕೋಟ್‌ನಲ್ಲಿ ಆ ಬಾಬ್ತಿನ ಒಂದು ರೂಪಾಯಿಯೂ ಇಲ್ಲ. ಫೈನುಗಳನ್ನು ಕಟ್ಟಿ ಮುಗಿಸಿ, ಅದು ಬೇರೆ ಮಾತು. ಈ ಏಳು ಸಾವಿರಕ್ಕೂ ಅವಕ್ಕೂ ಸಂಬಂಧವಿಲ್ಲ.

ಹಾಗಾದರೆ ಏರಿದ್ದು ಎಲ್ಲಿ? ಹೋದ ವರ್ಷ ನಿಮ್ಮ ಕಾರಿನ ಸ್ವಂತ ಹಾನಿಯ ಭಾಗಕ್ಕೆ, ಅಂದರೆ ನಿಮ್ಮದೇ ಗಾಡಿಯ ರಿಪೇರಿಗೆ ಸಂಬಂಧಪಟ್ಟ ಭಾಗಕ್ಕೆ, 7,000 ರೂಪಾಯಿ ಹಾಕಿದ್ದರು. ನಾಲ್ಕು ವರ್ಷ ಕ್ಲೇಮ್ ಇಲ್ಲದ್ದರಿಂದ ಅದರಲ್ಲಿ ಶೇ 45ರಷ್ಟು ನೋ ಕ್ಲೇಮ್ ಬೋನಸ್ ಕಳೆದು 3,850 ಆಗಿತ್ತು. ಥರ್ಡ್ ಪಾರ್ಟಿ 3,416, ಬಂಪರ್ ಟು ಬಂಪರ್‌ಗೆ, ಅಂದರೆ ಬಿಡಿಭಾಗಗಳ ಸವಕಳಿ ಕಳೆಯದೆ ರಿಪೇರಿ ಹಣ ಕೊಡುವ ಸೌಲಭ್ಯಕ್ಕೆ, 1,900. ಒಟ್ಟು 9,166, ಮೇಲೆ ಶೇ 18 ಜಿಎಸ್‌ಟಿ. ಈ ಸಲ ಸ್ವಂತ ಹಾನಿಗೆ 8,900 ಹಾಕಿದ್ದಾರೆ, ಬೋನಸ್ ಸೊನ್ನೆ. ಬಂಪರ್ ಟು ಬಂಪರ್ 2,700. ಥರ್ಡ್ ಪಾರ್ಟಿ ಮಾತ್ರ ಅದೇ 3,416, ಒಂದು ಪೈಸೆ ಏರಿಲ್ಲ. ಕ್ಲೇಮ್ ಮಾಡಿದಿರೆಂದು ಅದು ಏರುವುದೂ ಇಲ್ಲ, ಯಾಕೆಂದರೆ ಆ ದರವನ್ನು ಗೊತ್ತುಮಾಡುವುದು ಕೇಂದ್ರ ಸರ್ಕಾರ. 1,000ದಿಂದ 1,500 ಸಿಸಿಯ ಖಾಸಗಿ ಕಾರಿಗೆ 2022ರ ಜೂನ್ 1ರಿಂದ ಜಾರಿಗೆ ಬಂದ ದರ ಇದು. ನೂರು ಕ್ಲೇಮ್ ಮಾಡಿದವನಿಗೂ ಒಂದೂ ಮಾಡದವನಿಗೂ ಅಷ್ಟೇ.

ನಿಮಗೆ ನಷ್ಟ ತಂದದ್ದು ಆ ಎರಡು ಸಣ್ಣ ಕ್ಲೇಮುಗಳು. ಈ ಲೆಕ್ಕವನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಶೋರೂಮಿನಲ್ಲಿ ಇದನ್ನು ಯಾರೂ ಕೂತು ಹೇಳುವುದಿಲ್ಲ. ಸರ್ವಿಸ್ ಅಡ್ವೈಸರ್ ‘ಇನ್ಶೂರೆನ್ಸ್ ಇದೆಯಲ್ಲ ಸರ್, ಹಾಕಿಬಿಡೋಣ’ ಎನ್ನುತ್ತಾರೆ, ನಾವು ಸಹಿ ಹಾಕಿ ಬರುತ್ತೇವೆ.

ಬೋನಸ್ ಏರುವುದು ಮೆಟ್ಟಿಲು ಮೆಟ್ಟಿಲಾಗಿ. ಕ್ಲೇಮ್ ಇಲ್ಲದ ಒಂದು ವರ್ಷಕ್ಕೆ ಶೇ 20, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅದರ ಮೇಲೆ ಇಲ್ಲ. ಇಳಿಯುವಾಗ ಮಾತ್ರ ಮೆಟ್ಟಿಲಿಲ್ಲ, ಒಂದು ಕ್ಲೇಮಿಗೆ ನೇರ ನೆಲಕ್ಕೆ. ನೀವು ಸುಮ್ಮನಿದ್ದಿದ್ದರೆ ಈ ಸಲ ಶೇ 50ಕ್ಕೆ ತಲುಪಿ ಅಲ್ಲೇ ನಿಲ್ಲುತ್ತಿದ್ದಿರಿ. ಈಗ ಸೊನ್ನೆಯಿಂದ ಮತ್ತೆ ಹತ್ತಬೇಕು. ಈ ವರ್ಷ, ಮುಂದಿನ ವರ್ಷ, ಅದರಾಚೆ, ಹೀಗೆ ಐದು ವರ್ಷದಲ್ಲಿ ಕೈತಪ್ಪುವ ಬೋನಸನ್ನು 7,000ದ ಮೇಲೆ ಕೂಡಿದರೆ 8,750 ಆಗುತ್ತದೆ. ಒಂದೇ ವರ್ಷದಲ್ಲಿ ಎರಡು ಕ್ಲೇಮ್ ನೋಡಿ ಕಂಪನಿ ಕೊಡುತ್ತಿದ್ದ ರಿಯಾಯಿತಿ ತಗ್ಗಿಸಿದ್ದರಿಂದ 7,000 ಹೋಗಿ 8,900 ಆಯಿತಲ್ಲ, ಆ 1,900 ಸೇರಿಸಿ. ಬಂಪರ್ ಟು ಬಂಪರ್‌ನಲ್ಲಿ ಏರಿದ 800 ಸೇರಿಸಿ. ಒಟ್ಟು 11,450, ಜಿಎಸ್‌ಟಿ ಸೇರಿ 13,500ರ ಆಸುಪಾಸು. ನಿಮಗೆ ಬಂದದ್ದೆಷ್ಟು? 13,800 ರೂಪಾಯಿಯ ಎರಡು ಬಿಲ್ಲಿನಲ್ಲಿ, 1,500 ಸಿಸಿ ಒಳಗಿನ ಕಾರಿಗೆ ಪ್ರತಿ ಕ್ಲೇಮಿಗೂ ನಾವೇ ಹೊರಬೇಕಾದ ಸಾವಿರ ರೂಪಾಯಿಯನ್ನು ಎರಡು ಸಲ ಕಳೆದರೆ, 11,800. ಎರಡು ದಿನ ಶೋರೂಮಿಗೆ ಅಲೆದು, ಸಾವಿರದೇಳುನೂರು ರೂಪಾಯಿ ಕೈಯಿಂದ ಕೊಟ್ಟು ಬಂದ ಹಾಗಾಯಿತು.

ಇದರಲ್ಲಿ ನಿಮ್ಮನ್ನು ದೂರುವುದಕ್ಕೆ ಏನೂ ಇಲ್ಲ. ವಿಮೆ ಇರುವಾಗ ಕೈಯಿಂದ ಯಾಕೆ ಕೊಡಬೇಕು ಎಂದು ಅನಿಸುವುದು ಸಹಜ. ಗುದ್ದಿದ ಟೆಂಪೊದವರಿಂದಲೇ ವಸೂಲಿ ಮಾಡಬಹುದಿತ್ತಲ್ಲ ಎಂದು ಕೇಳಿದರೆ, ಕಾನೂನಿನಲ್ಲಿ ದಾರಿ ಇದೆ. ಆದರೆ ಪೊಲೀಸ್ ದೂರು, ಮೋಟಾರು ಅಪಘಾತ ನ್ಯಾಯಮಂಡಳಿ, ವಕೀಲರು ಎಂದು ಐದು ಸಾವಿರಕ್ಕೆ ಅಲೆಯುವುದು ಯಾರಿಂದಲೂ ಆಗದ ಕೆಲಸ.

ಈ ಲೆಕ್ಕದಲ್ಲಿ ಇನ್ನೊಂದು ವಿಷಯವಿದೆ. ಬೋನಸ್ ಕಳೆದದ್ದು ಮೊದಲ ಕ್ಲೇಮ್, ಆ 5,200ರದ್ದು. ಈಗ ನೀವು ಸೊನ್ನೆಯಲ್ಲಿರುವಾಗ ಲೆಕ್ಕ ಬದಲಾಗುತ್ತದೆ. ಮುಂದಿನ ವರ್ಷ ಏನಾದರೂ ಆಗಿ ಕ್ಲೇಮ್ ಮಾಡಿದರೆ ಮೆಟ್ಟಿಲು ಹತ್ತುವುದು ಒಂದು ವರ್ಷ ತಡವಾಗುತ್ತದೆ, ಅಷ್ಟೇ. ಅದರ ಬೆಲೆ ಒಂದು ವರ್ಷದ ಸ್ವಂತ ಹಾನಿ ಪ್ರೀಮಿಯಂನ ಅರ್ಧದಷ್ಟು, ಅದೇ 7,000ದ ಲೆಕ್ಕದಲ್ಲಿ ತೆರಿಗೆ ಸೇರಿ ನಾಲ್ಕು ಸಾವಿರ ಚಿಲ್ಲರೆ. ಹಾಗಾಗಿ ಬರುವ ವರ್ಷ ಐದು–ಆರು ಸಾವಿರದೊಳಗಿನ ಟಿಂಕರಿಂಗ್, ಪೇಂಟಿಂಗ್ ಕೈಯಿಂದ ಮಾಡಿಸಿ, ಅದರ ಮೇಲಿನದಕ್ಕೆ ಕ್ಲೇಮ್ ಯೋಚಿಸಿ. ಬೋನಸ್ ಮತ್ತೆ ಮೇಲೇರಿದಂತೆ ಆ ಗೆರೆಯನ್ನೂ ಮೇಲೆ ಸರಿಸುತ್ತಾ ಹೋಗಿ.

ಬೆಂಗಳೂರು ರೇಟಿನ ಮಾತಿಗೆ ಬರೋಣ. ಹಳೆಯ ದರಪಟ್ಟಿಯಲ್ಲಿ ಎರಡು ವಲಯಗಳಿವೆ. ಬೆಂಗಳೂರು, ಚೆನ್ನೈ, ಮುಂಬೈ, ಹೈದರಾಬಾದ್‌ನಂಥ ಎಂಟು ನಗರಗಳು ಎ ವಲಯ, ದೇಶದ ಉಳಿದ ಭಾಗವೆಲ್ಲ ಬಿ. ತುಮಕೂರಿನ ಕೆಎ-06, ಕೋಲಾರದ ಕೆಎ-07, ಚಿಕ್ಕಬಳ್ಳಾಪುರದ ಕೆಎ-40 ಎಲ್ಲವೂ ಬಿ. ವಲಯ ನಿರ್ಧಾರವಾಗುವುದು ನೋಂದಣಿಯಿಂದ, ಗಾಡಿ ದಿನಾ ಎಲ್ಲಿ ಓಡುತ್ತದೆ ಎಂಬುದರಿಂದಲ್ಲ. ನಿಮ್ಮಂಥ ಕಾರಿಗೆ ಐದು ವರ್ಷ ದಾಟಿದ ಮೇಲೆ ಎ ವಲಯದಲ್ಲಿ ಗಾಡಿ ಬೆಲೆಯ ಶೇ 3.447, ಬಿ ವಲಯದಲ್ಲಿ ಶೇ 3.351. ನಾಲ್ಕು ಲಕ್ಷದ ಗಾಡಿಗೆ ವ್ಯತ್ಯಾಸ 384 ರೂಪಾಯಿ, ಅದೂ ರಿಯಾಯಿತಿಗೆ ಮುಂಚೆ. 2007ರಿಂದ ಸ್ವಂತ ಹಾನಿಯ ದರವನ್ನು ಕಂಪನಿಗಳ ಕೈಗೇ ಬಿಟ್ಟಿರುವುದರಿಂದ ಪಟ್ಟಿಯ ದರದ ಮೇಲೆ ಅವರವರ ರಿಯಾಯಿತಿ ಇರುತ್ತದೆ. ಪಾಲಿಸಿ ಇಡೀ ದೇಶಕ್ಕೆ ಅನ್ವಯಿಸುತ್ತದೆ. ಗೊರಗುಂಟೆಪಾಳ್ಯದಲ್ಲಿ ಆದರೂ ಬಟವಾಡಿಯಲ್ಲಿ ಆದರೂ ಕ್ಲೇಮ್ ಒಂದೇ. ಯಾರಿಂದಲೂ ಏನನ್ನೂ ಮುಚ್ಚಿಡುವ ಅಗತ್ಯ ನಿಮಗಿಲ್ಲ.

ಗೆಳೆಯರು ಹೇಳಿದ ಆ್ಯಪ್ ಉಪಾಯವನ್ನು ದಯವಿಟ್ಟು ಮಾಡಬೇಡಿ. ‘ಕ್ಲೇಮ್ ಇಲ್ಲ’ ಎಂದು ಒತ್ತಿದರೆ ಶೇ 50 ಬೋನಸ್ ತೋರಿಸುತ್ತದೆ, ಹಣ ಕಟ್ಟಿಸಿಕೊಳ್ಳುತ್ತದೆ, ಪಾಲಿಸಿಯೂ ಬರುತ್ತದೆ. ಅದು ನಿಮ್ಮ ಹೇಳಿಕೆಯ ಮೇಲೆ ಕೊಟ್ಟದ್ದು. ಆಮೇಲೆ ಕಂಪನಿ ಹಳೆಯ ಕಂಪನಿಯಿಂದ ಖಚಿತಪಡಿಸಿಕೊಳ್ಳುತ್ತದೆ, ಕ್ಲೇಮ್ ಮಾಹಿತಿ ಕಂಪನಿಗಳ ನಡುವೆ ಸಿಗುತ್ತದೆ. ಹೇಳಿಕೆ ಸುಳ್ಳು ಎಂದಾದರೆ ಸ್ವಂತ ಹಾನಿಯ ಭಾಗದ ಸೌಲಭ್ಯವೇ ಹೋಗುತ್ತದೆ ಎಂದು ನೀವು ಒಪ್ಪುವ ಆ ಘೋಷಣೆಯಲ್ಲೇ ಬರೆದಿರುತ್ತದೆ. ಸಾಮಾನ್ಯವಾಗಿ ಇದು ಬೆಳಕಿಗೆ ಬರುವುದು ದೊಡ್ಡ ಕ್ಲೇಮ್ ಬಂದಾಗ. ವಿಮಾ ಹಾನಿಯ ಅಂದಾಜು ಹಾಕುವ ಸರ್ವೇಯರ್ ಆಗಿ ಇಪ್ಪತ್ತೆರಡು ವರ್ಷ ನೆಲಮಂಗಲ, ದಾಬಸ್‌ಪೇಟೆ, ತುಮಕೂರಿನ ಗ್ಯಾರೇಜುಗಳಲ್ಲಿ ಅಪಘಾತದ ಗಾಡಿಗಳನ್ನು ನೋಡಿದ್ದೇನೆ. ಒಬ್ಬರ ಕಾರಿನ ಮುಂಭಾಗ ಪೂರ್ತಿ ಹೋಗಿ ಎರಡೂವರೆ ಲಕ್ಷದ ಅಂದಾಜು ಬರೆದಿದ್ದೆ. ಮೂರು ಸಾವಿರದ ಸುಳ್ಳು ಬೋನಸ್‌ಗಾಗಿ ಅವರು ಅಷ್ಟನ್ನೂ ಕಳೆದುಕೊಂಡರು. ಅವರ ಮನೆಯವರು ಗ್ಯಾರೇಜಿನ ಬೆಂಚಿನ ಮೇಲೆ ಕೂತು ‘ಏನೂ ಮಾಡಕ್ಕಾಗಲ್ವಾ ಸರ್’ ಎಂದು ಕೇಳಿದ್ದು ನನಗೆ ಇನ್ನೂ ಮರೆತಿಲ್ಲ.

ಈಗ ಆ ಮೂವರ ವಿಷಯ.

ಏಜೆಂಟರ ಮಾತು ಕೇಳಿ ಬರೀ ಥರ್ಡ್ ಪಾರ್ಟಿ ಮಾಡಿಸಿದರೆ ಪ್ರೀಮಿಯಂ ತೆರಿಗೆ ಸೇರಿ ನಾಲ್ಕು ಸಾವಿರಕ್ಕೆ ಇಳಿಯುತ್ತದೆ. ಕಾರಿಗೆ ಪೆಟ್ಟಾದರೆ ಕೈಯಿಂದ ಹಾಕಿಕೊಳ್ಳಬೇಕು ಎನ್ನುವುದಷ್ಟೇ ಇದರ ತೊಂದರೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕಾನೂನು ಕಡ್ಡಾಯ ಮಾಡಿರುವ ಆ ಪಾಲಿಸಿ ನಿಮ್ಮ ಗಾಡಿಯಿಂದ ರಸ್ತೆಯ ಮೇಲಿನ ಇತರರಿಗೆ ಆಗುವ ಹಾನಿಯದು. ಪಾದಚಾರಿ, ಬೈಕಿನವನು, ಎದುರು ಗಾಡಿಯವರಿಗೆ ಸಾವು ನೋವಾದರೆ ಮಿತಿಯಿಲ್ಲದೆ, ಅವರ ಆಸ್ತಿಗೆ ಏಳೂವರೆ ಲಕ್ಷದವರೆಗೆ. ನಿಮ್ಮ ಖಾಸಗಿ ಕಾರಿನ ಒಳಗೆ ಕೂತವರು ಆ ‘ಮೂರನೆಯವರ’ ಲೆಕ್ಕಕ್ಕೆ ಬರುವುದಿಲ್ಲ. ಸ್ಕೂಟರಿನ ಹಿಂಬದಿ ಸವಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಈ ಮಾತು ಹೇಳಿದೆ. 2012ರಲ್ಲಿ ಬಾಲಕೃಷ್ಣನ್ ಪ್ರಕರಣದಲ್ಲಿ ಕಾರಿನ ವಿಷಯ ಬಂದಾಗ ಎರಡು ಬಗೆಯ ಪಾಲಿಸಿಯನ್ನೂ ಬೇರೆ ಮಾಡಿ ತೋರಿಸಿತು: ಕಾಂಪ್ರಹೆನ್ಸಿವ್, ಅಂದರೆ ನಾವು ಫುಲ್ ಇನ್ಶೂರೆನ್ಸ್ ಎನ್ನುವ ಪ್ಯಾಕೇಜ್ ಪಾಲಿಸಿಯಲ್ಲಿ ಕಾರಿನಲ್ಲಿ ಕೂತವರ ಬಾಧ್ಯತೆಯೂ ಕಂಪನಿಯದು, ಬರೀ ಕಾಯ್ದೆಯ ಪಾಲಿಸಿಯಲ್ಲಿ ಹಾಗಲ್ಲ.

ಇದನ್ನು ನಿಮ್ಮ ರಸ್ತೆಗೆ ತಂದು ನೋಡಿ. ಡಿಸೆಂಬರಿನ ಬೆಳಗಿನ ಜಾವ, ದಾಬಸ್‌ಪೇಟೆ ಸುತ್ತ ಮಂಜು. ಹೆದ್ದಾರಿ ಅಂಚಿನಲ್ಲಿ ಹಿಂದಿನ ದೀಪವಿಲ್ಲದೆ ನಿಂತ ಲಾರಿ. ಇಂಥ ಅಪಘಾತಗಳನ್ನು ನಾನು ಎಷ್ಟೋ ನೋಡಿದ್ದೇನೆ, ಎಡಗಡೆ ಕೂತವರಿಗೇ ಹೆಚ್ಚು ಪೆಟ್ಟು. ತಪ್ಪು ಪೂರ್ತಿ ಲಾರಿಯದಾದರೆ ಅದರ ವಿಮಾ ಕಂಪನಿ ಕೊಡುತ್ತದೆ. ನಿಂತ ಗಾಡಿಗೆ ಹಿಂದಿನಿಂದ ಗುದ್ದಿದಾಗ ನ್ಯಾಯಮಂಡಳಿ ಒಂದು ಪಾಲಾದರೂ ತಪ್ಪನ್ನು ಕಾರಿನವನ ಮೇಲೆ ಹಾಕುವುದು ಅಪರೂಪವಲ್ಲ. ಮೂವತ್ತು ವರ್ಷದ, ಸಂಬಳ ತರುವ, ಎರಡು ಮಕ್ಕಳಿರುವ ಒಬ್ಬನಿಗೆ ನ್ಯಾಯಮಂಡಳಿ ಕೊಡುವ ಪರಿಹಾರ ಹತ್ತಾರು ಲಕ್ಷದಲ್ಲಿರುತ್ತದೆ. ನಿಮ್ಮ ಪಾಲಿಗೆ ಬಂದದ್ದನ್ನು ಬರೀ ಥರ್ಡ್ ಪಾರ್ಟಿ ಇದ್ದರೆ ನಿಮ್ಮ ಮನೆ, ಸೈಟು ಮಾರಿ ಕೊಡಬೇಕು. ನಿಮ್ಮನ್ನು ನಂಬಿ ದಿನಾ ಕಾರು ಹತ್ತುವವರ ಹೆಂಡತಿ ಮಕ್ಕಳು ಒಂದು ಕಡೆ, ನಿಮ್ಮ ಸಂಸಾರ ಇನ್ನೊಂದು ಕಡೆ ಕೋರ್ಟಿನಲ್ಲಿ ನಿಲ್ಲಬೇಕಾಗುತ್ತದೆ. ಬೇರೆ ಯಾವುದನ್ನು ಬಿಟ್ಟರೂ ಪ್ಯಾಕೇಜ್ ಪಾಲಿಸಿ ಬಿಡಬೇಡಿ ಎಂದು ನಾನು ಕೇಳಿಕೊಳ್ಳುವುದು ಇದಕ್ಕೇ.

ಅವರು ಕೊಡುವ ದುಡ್ಡಿನ ವಿಷಯ. ಖಾಸಗಿ ಕಾರಿನ ಪಾಲಿಸಿಯಲ್ಲಿ ‘ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಬಳಸಬಾರದು’ ಎಂಬ ಷರತ್ತು ಇರುತ್ತದೆ. ವೈಟ್ ಬೋರ್ಡ್ ಗಾಡಿಯಲ್ಲಿ ದಾರಿಯ ಪ್ಯಾಸೆಂಜರ್ ಹತ್ತಿಸಿಕೊಂಡು ತಲೆಗಿಷ್ಟು ಎಂದು ಕಾಸು ತೆಗೆದುಕೊಂಡರೆ ಆ ಷರತ್ತು ಮುರಿದಂತೆ, ಕ್ಲೇಮ್ ತಿರಸ್ಕಾರವಾಗುತ್ತದೆ, ಆರ್‌ಟಿಒ ಗಾಡಿ ಹಿಡಿಯಬಹುದು. ನಿಮ್ಮದು ಹಾಗಲ್ಲ. ದಿನಕ್ಕೆ 120 ಕಿ.ಮೀ. ಹತ್ತಿರ ಓಡಿಸುತ್ತೀರಿ, ತಿಂಗಳಿಗೆ ಮೂರು ಸಾವಿರ ದಾಟುತ್ತದೆ. ಮೂವರೂ ಸೇರಿ ಕೊಡುವ ಆರು ಸಾವಿರ ಪೆಟ್ರೋಲು ಮತ್ತು ಟೋಲ್ ಖರ್ಚಿನ ಅರ್ಧಕ್ಕೂ ಬರುವುದಿಲ್ಲ. ಒಂದೇ ಕಡೆ ಕೆಲಸ ಮಾಡುವವರು ಖರ್ಚು ಹಂಚಿಕೊಳ್ಳುವುದಕ್ಕೂ ಬಾಡಿಗೆಗೂ ವ್ಯತ್ಯಾಸವಿದೆ. ಆದರೂ ಅಪಘಾತವಾದ ಮೇಲೆ ತನಿಖೆಗೆ ಬಂದವರು ಕೇಳುವ ಮೊದಲ ಪ್ರಶ್ನೆ ‘ದುಡ್ಡು ಕೊಡ್ತಿದ್ರಾ?’ ಎನ್ನುವುದೇ. ಪ್ರತಿ ತಿಂಗಳು ಒಂದೇ ತಾರೀಖಿಗೆ ಒಂದೇ ಮೊತ್ತ ಫೋನ್‌ಪೇಗೆ ಬರುತ್ತಿದ್ದರೆ ಅದು ಬಾಡಿಗೆಯ ಹಾಗೆ ಕಾಣುತ್ತದೆ, ವಾದ ಹುಟ್ಟುತ್ತದೆ. ನಿಜವಾಗಿಯೂ ಹಂಚಿಕೊಳ್ಳುವುದಾದರೆ ಹಂಚಿಕೆಯ ರೀತಿಯಲ್ಲೇ ಮಾಡಿ: ಒಂದು ವಾರ ಒಬ್ಬರು ಬಂಕಿನಲ್ಲಿ ನೇರವಾಗಿ ಪೆಟ್ರೋಲ್ ಹಾಕಿಸಲಿ, ಇನ್ನೊಂದು ವಾರ ಇನ್ನೊಬ್ಬರು ಫಾಸ್ಟ್ಯಾಗ್ ರೀಚಾರ್ಜ್ ಮಾಡಲಿ. ಅವರಲ್ಲಿ ಯಾರಿಗಾದರೂ ಕಾರಿದ್ದರೆ ಸರದಿಯ ಮೇಲೆ ಅವರ ಕಾರೂ ಹೊರಡಲಿ, ಅದು ಎಲ್ಲಕ್ಕಿಂತ ಒಳ್ಳೆಯದು. ಅಪರಿಚಿತರನ್ನು ಆ್ಯಪ್ ಮೂಲಕ ಹತ್ತಿಸಿಕೊಳ್ಳುವ ಆಸೆ ಮಾತ್ರ ಬೇಡ.

ಹೊಸ ಪಾಲಿಸಿಗೆ ‘ಹೆಸರಿಸದ ಪ್ರಯಾಣಿಕರ ವೈಯಕ್ತಿಕ ಅಪಘಾತ ವಿಮೆ’ ಸೇರಿಸಿಕೊಳ್ಳಿ. ಒಬ್ಬರಿಗೆ ಎರಡು ಲಕ್ಷದವರೆಗೆ, ಖರ್ಚು ಒಬ್ಬರಿಗೆ ವರ್ಷಕ್ಕೆ ನೂರು ರೂಪಾಯಿಯ ಆಸುಪಾಸು. ಎರಡು ಲಕ್ಷ ದೊಡ್ಡ ಮೊತ್ತವಲ್ಲ, ಆದರೆ ತಪ್ಪು ಯಾರದ್ದೆಂದು ನ್ಯಾಯಮಂಡಳಿ ತೀರ್ಮಾನಿಸುವವರೆಗೆ ಕಾಯಬೇಕಿಲ್ಲ. ನಿಮ್ಮ ಸ್ವಂತ 15 ಲಕ್ಷದ ಮಾಲೀಕ-ಚಾಲಕ ವಿಮೆ ಎರಡೂ ಕಾಗದಗಳಲ್ಲಿ ಕಾಣಲಿಲ್ಲ. ಬೇರೆ ಪಾಲಿಸಿಯಲ್ಲಿ ಇದ್ದರೆ ಸರಿ, ಇಲ್ಲದಿದ್ದರೆ ಇದರಲ್ಲೇ ಹಾಕಿಸಿ, ಅದು ಕಡ್ಡಾಯ.

ಇಷ್ಟಾದ ಮೇಲೆ ಉಳಿಸುವುದು ಎಲ್ಲಿ? ಮೊದಲನೆಯದಾಗಿ ಇನ್ನು ಮೂರು–ನಾಲ್ಕು ಕಂಪನಿಗಳ ಕೋಟ್ ತರಿಸಿ, ಎರಡು ಕ್ಲೇಮ್ ಆಗಿದೆ ಎಂದು ನೇರವಾಗಿ ಹೇಳಿಯೇ. ಬೋನಸ್ ಸೊನ್ನೆ ಎಲ್ಲ ಕಡೆಯೂ ಸೊನ್ನೆಯೇ, ಆದರೆ ರಿಯಾಯಿತಿ ಕಂಪನಿಗೊಂದು. ಎಲ್ಲ ಕೋಟ್‌ಗಳಲ್ಲೂ ಐಡಿವಿ, ಅಂದರೆ ಗಾಡಿಯ ಬೆಲೆ, ಒಂದೇ ಇದೆಯೇ ನೋಡಿ. ನಾಲ್ಕು ಲಕ್ಷದ ಗಾಡಿಯನ್ನು ಮೂರು ಲಕ್ಷ ಎಂದು ಬರೆದು ಕಡಿಮೆ ಪ್ರೀಮಿಯಂ ತೋರಿಸುವುದುಂಟು. ಗಾಡಿ ಕಳುವಾದ ದಿನ ಕೈಗೆ ಬರುವುದೂ ಮೂರೇ.

ಎರಡನೆಯದು ಸ್ವಯಂ ಹೊರೆ, ಕೋಟ್‌ನಲ್ಲಿ ವಾಲಂಟರಿ ಡಿಡಕ್ಟಿಬಲ್ ಎಂದಿರುತ್ತದೆ. ಪ್ರತಿ ಕ್ಲೇಮಿನಲ್ಲೂ ಸಾವಿರದ ಜೊತೆಗೆ ಇನ್ನೂ ಐದು ಸಾವಿರ ನಾನೇ ಹೊರುತ್ತೇನೆ ಎಂದರೆ ಹಳೆಯ ದರಪಟ್ಟಿಯ ಪ್ರಕಾರ ಸ್ವಂತ ಹಾನಿ ಪ್ರೀಮಿಯಂನಲ್ಲಿ ಶೇ 25, ಗರಿಷ್ಠ 1,500 ರೂಪಾಯಿ ಕಡಿತ. ಸಣ್ಣಪುಟ್ಟದಕ್ಕೆ ಹೇಗೂ ಕ್ಲೇಮ್ ಮಾಡುವುದಿಲ್ಲ ಎಂದು ತೀರ್ಮಾನಿಸಿದವರಿಗೆ ಇದು ಹೊಂದುತ್ತದೆ. ಅದರ ಅಪಾಯ ಇಷ್ಟೇ: ಇಪ್ಪತ್ತು ಸಾವಿರದ ರಿಪೇರಿ ಬಂದ ತಿಂಗಳು ಆರು ಸಾವಿರ ಕೈಯಲ್ಲಿರಬೇಕು. ಬಂಪರ್ ಟು ಬಂಪರ್ ಜೊತೆಗೆ ಇದನ್ನು ಕೊಡುತ್ತಾರೆಯೇ ಎಂದೂ ಕೇಳಿ, ಕೆಲವರು ಒಪ್ಪುವುದಿಲ್ಲ.

ಬಂಪರ್ ಟು ಬಂಪರ್ ಇಟ್ಟುಕೊಳ್ಳಬೇಕೇ? ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್, ಏರ್‌ಬ್ಯಾಗಿನಲ್ಲಿ ಅರ್ಧ ನಿಮ್ಮದು, ಐದರಿಂದ ಹತ್ತು ವರ್ಷದ ಗಾಡಿಯ ಲೋಹದ ಭಾಗಗಳಲ್ಲಿ ಶೇ 40 ನಿಮ್ಮದು. ವರ್ಷಕ್ಕೆ 35,000 ಕಿ.ಮೀ. ದಾಟಿ ಓಡಿಸುವವರಿಗೆ ಇನ್ನೊಂದೆರಡು ವರ್ಷ ಇರಲಿ ಎನ್ನುತ್ತೇನೆ. ಕಡಿಮೆ ಕಿ.ಮೀ. ಓಡಿಸುವವರಿಗೆ ಅಗ್ಗವಾಗಿ ಕೊಡುವ, 2022ರಿಂದ ಬಂದಿರುವ ‘ಓಡಿಸಿದಷ್ಟು ಕಟ್ಟಿ’ ಯೋಜನೆಗಳು ನಿಮಗಲ್ಲ. ಐದು ಸಾವಿರ, ಹತ್ತು ಸಾವಿರ ಕಿ.ಮೀ. ಮಿತಿ ನಿಮಗೆ ನಾಲ್ಕು ತಿಂಗಳೂ ಬಾರದು.

ಎಂಜಿನ್ ರಕ್ಷಣೆಯ ಆಡ್–ಆನ್ ಹಾಕಿಸಿ. ಮಳೆಗಾಲದ ಸಂಜೆ ಬೆಂಗಳೂರಿನ ಅಂಡರ್‌ಪಾಸ್ ನೀರಲ್ಲಿ ಗಾಡಿ ಆಫ್ ಆದರೆ ಮತ್ತೆ ಕೀ ತಿರುಗಿಸಬೇಡಿ, ತಳ್ಳಿಸಿ ಅಥವಾ ಟೋಯಿಂಗ್ ಕರೆಸಿ. ನೀರು ಹೊಕ್ಕ ಎಂಜಿನನ್ನು ಸ್ಟಾರ್ಟ್ ಮಾಡಿ ಕನೆಕ್ಟಿಂಗ್ ರಾಡ್ ಬಾಗಿಸಿಕೊಂಡರೆ, ಅದು ನೆರೆಯಿಂದ ಆದ ಹಾನಿಯಲ್ಲ, ನೀವು ಸ್ಟಾರ್ಟ್ ಮಾಡಿದ್ದರಿಂದ ಆದದ್ದು ಎಂದು ಸಾಮಾನ್ಯ ಪಾಲಿಸಿಯಲ್ಲಿ ತಳ್ಳಿಹಾಕುತ್ತಾರೆ.

ಯಾವುದನ್ನು ಆರಿಸಿಕೊಂಡರೂ 28ರ ಮಧ್ಯರಾತ್ರಿ ದಾಟಿಸಬೇಡಿ. ಅವಧಿ ಮುಗಿದ ಮೇಲೆ ಗಾಡಿ ತಪಾಸಣೆ ಆಗಿ ಹೊಸ ಪಾಲಿಸಿ ಬರುವವರೆಗೆ ನೀವು ವಿಮೆಯಿಲ್ಲದ ಚಾಲಕ. ಸಿಕ್ಕಿಬಿದ್ದರೆ ಮೊದಲ ಸಲ 2,000, ಮತ್ತೆ ಸಿಕ್ಕಿದರೆ 4,000 ದಂಡ, ಜೈಲಿಗೂ ಅವಕಾಶವಿದೆ. ಆ ಮಧ್ಯದ ಒಂದು ದಿನ ರಸ್ತೆಯಲ್ಲಿ ಯಾರಿಗಾದರೂ ಪೆಟ್ಟಾದರೆ ಅದು ಪೂರ್ತಿ ನಿಮ್ಮ ತಲೆಯ ಮೇಲೆ. 25ರೊಳಗೆ ಹಣ ಕಟ್ಟಿ, ಪಾಲಿಸಿ ಕೈಗೆ ಬಂದ ಕೂಡಲೇ ನಾಲ್ಕು ಕಡೆ ಕಣ್ಣಾಡಿಸಿ: ‘ಪ್ಯಾಕೇಜ್’ ಎಂದಿದೆಯೇ, ಬೋನಸ್ ಜಾಗದಲ್ಲಿ ಸೊನ್ನೆ ಇದೆಯೇ, ಪ್ರಯಾಣಿಕರ ಸಾಲಿನಲ್ಲಿ ಎಷ್ಟು ಜನರಿಗೆ ಎಷ್ಟು ಮೊತ್ತ, ಎಂಜಿನ್ ನಂಬರ್ ಆರ್‌ಸಿಯಲ್ಲಿರುವುದೇ ಆಗಿದೆಯೇ. ಏಜೆಂಟರು ಬೋನಸ್ ಜಾಗದಲ್ಲಿ ತಾವಾಗಿಯೇ ಶೇ 50 ತುಂಬಿ ಕಳಿಸಿದ್ದರೆ ಅಂದೇ ಇಮೇಲ್ ಬರೆದು ತಿದ್ದಿಸಿ, ಆ ಇಮೇಲ್ ಅಳಿಸದೆ ಇಟ್ಟುಕೊಳ್ಳಿ.